ಸೀನು ಕೇಳಿಸುವ ರೆಕಾರ್ಡ್ ಪ್ಲೇಯರ್

ಕನ್ನಡಕದಕ್ಕನ ಮುಂದೆ ಎಂಥ ದೊಡ್ಡ ಅಧಿಕಾರಿ ಬಂದು ಕೂತರೂ ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ಒಂದನೇ ತರಗತಿಯ ಮಗುವಿನ ಹಾಗೆ ಓದಲೇಬೇಕು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಒಂದೊಂದೇ ಗಾಜು ಬದಲಿಸುತ್ತಾ "ಇದಾ, ಅದಾ?" ಎಂದು ಕೇಳುವುದು, "ಎರಡೂ ಒಂದೇ ಥರ ಕಾಣುತ್ತೆ" ಎಂದವರನ್ನು ನಂಬದಿರುವುದು. ಇದು ರೂಢಿಯಾಗಿ ಹೋಗಿ, ಅವಳು ಬದನೆಕಾಯಿ ಕೊಳ್ಳುವಾಗಲೂ ಎರಡು ಕೈಯಲ್ಲಿ ಎರಡನ್ನು ಹಿಡಿದು ಮಾರುವವನನ್ನೇ ಪರೀಕ್ಷೆ ಮಾಡುತ್ತಿದ್ದಳು.

ಅವಳ ಬದುಕಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಸಂಗತಿ ಒಂದೇ ಒಂದು. ಹದಿನೇಳನೆಯ ವಯಸ್ಸಿನಲ್ಲಿ ಅವಳು ರೆಕಾರ್ಡಿನಲ್ಲಿ ಸೀನಿದ್ದಳು.

ನಗುವವರು ನಗಲಿ, ನಡೆದದ್ದು ಹೀಗೆ. ಶಾಲೆಗಳಿಗೆ ಹಂಚಲೆಂದು ಯಾರೋ ಆರೋಗ್ಯದ ಹಾಡುಗಳ ರೆಕಾರ್ಡು ಮಾಡಿಸಿದರು. ಹಿಂದೆ ನಿಂತು ದನಿಗೂಡಿಸಲು ಹನ್ನೆರಡು ಹುಡುಗಿಯರನ್ನು ಸ್ಟುಡಿಯೋಗೆ ಕರೆದೊಯ್ದರು. ಮೂರನೆಯ ಹಾಡು ಉಗುರು ಕತ್ತರಿಸಿಕೊಳ್ಳುವುದರ ಬಗ್ಗೆ. ಎರಡನೇ ಚರಣ ಮುಗಿದು ಕೊಳಲು ಶುರುವಾಗಬೇಕು, ಅಷ್ಟರಲ್ಲಿ ಗೋಡೆಗೆ ಹೊದಿಸಿದ್ದ ಹಳೇ ಕಂಬಳಿಯ ಧೂಳು ಅವಳ ಮೂಗಿಗೆ ಹೊಕ್ಕಿತು. ಸ್ವಚ್ಛತೆಯ ಹಾಡಿನ ನಟ್ಟನಡುವೆ ಸೀನು! ಮತ್ತೆ ಹಾಡಿಸೋಣವೆಂದರೆ ಸ್ಟುಡಿಯೋದ ಹೊತ್ತು ಮುಗಿದಿತ್ತು. ಸಂಗೀತದ ಮೇಷ್ಟ್ರು, ಯಾರಿಗೂ ಕೇಳಿಸಲ್ಲ ಬಿಡಿ ಎಂದು ಹಾರ್ಮೋನಿಯಂ ಮುಚ್ಚಿ ಎದ್ದರು.

ಅಕ್ಕನ ಯಜಮಾನರು ಅಚ್ಚುಕೂಟದಲ್ಲಿ ಪ್ರೂಫ್ ನೋಡುವವರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೇರೆಯವರ ತಪ್ಪು ಹುಡುಕಿ ಹುಡುಕಿ, ಅಚ್ಚಾಗದೆ ಇದ್ದದ್ದು ನಡೆದೇ ಇಲ್ಲ ಎನ್ನುವ ಮಟ್ಟಕ್ಕೆ ಬಂದಿದ್ದರು. ಮದುವೆಯಾಗಿ ಮೂವತ್ತಮೂರು ವರ್ಷವಾದರೂ ಈ ಸೀನನ್ನು ಮಾತ್ರ ಅವರು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ನೆಂಟರ ಮುಂದೆ ಅಕ್ಕ ಕಥೆ ಶುರುಮಾಡಿದರೆ ಸಾಕು, "ಬಂತು ನೋಡಿ ನಮ್ಮನೆ ಗಾನಕೋಗಿಲೆ" ಎಂದುಬಿಡುವರು. ನೆಂಟರು ಹೊಟ್ಟೆ ಹಿಡಿದುಕೊಂಡು ನಗುವರು. ಅಕ್ಕನೂ ನಗುತ್ತಾ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುವಳು, ಒಳಗೆ ಹೋದಮೇಲೆ ನಗುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ತನ್ನ ಒಂದು ಮಾತನ್ನು ನಂಬಲಿಲ್ಲವಲ್ಲ ಎಂದು ಅವಳಿಗೆ ನಿಜಕ್ಕೂ ನೋಯುತ್ತಿತ್ತು.

ಹೀಗಿರುವಾಗ ಒಬ್ಬ ಹೆಡ್‌ಮಿಸ್ ಕಣ್ಣು ತೋರಿಸಲು ಬಂದರು. ಶಾಲೆಯ ಬೀರು ಖಾಲಿ ಮಾಡಿಸುತ್ತಿದ್ದೇವೆ, ಯಾವ ಕಾಲದ್ದೋ ರೆಕಾರ್ಡುಗಳೆಲ್ಲ ಸಿಕ್ಕಿವೆ ಎಂದು ಮಾತಿಗೆ ಮಾತು ಬಂದು ಹೇಳಿದರು. ಅಕ್ಕನ ಕೈಯಲ್ಲಿದ್ದ ಗಾಜು ಅಲ್ಲೇ ನಿಂತಿತು. ಮರುವಾರ ಹೊಸ ಕನ್ನಡಕ ಒಯ್ಯಲು ಬಂದ ಹೆಡ್‌ಮಿಸ್, ಅಕ್ಕ ಕೇಳಿಕೊಂಡಿದ್ದ ಆರೋಗ್ಯದ ಹಾಡುಗಳ ರೆಕಾರ್ಡನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು.

ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲು ಹೊದಿಕೆಯ ಮೇಲಿದ್ದ ಎರಡು ಅಚ್ಚಿನ ತಪ್ಪು ತೋರಿಸಿದರು. ಆಮೇಲೆ ಹಾಡಿದವರ ಹೆಸರು ಓದಿದರು. ಮುಖ್ಯ ಗಾಯಕಿಯ ಹೆಸರಿತ್ತು, ಅದರ ಮುಂದೆ 'ಮತ್ತು ಸಂಗಡಿಗರು' ಎಂದಿತ್ತು. ಸಂಗಡಿಗರು ಅಂದರೆ ಯಾರು ಬೇಕಾದರೂ ಆಗಬಹುದು ಎಂದು ತೀರ್ಪು ಕೊಟ್ಟು ಊಟಕ್ಕೆ ಎದ್ದರು. ಅಕ್ಕನಿಗೆ ರೇಗಿಹೋಯಿತು. ಅವತ್ತೇ ಅವಳು ರೆಕಾರ್ಡ್ ಪ್ಲೇಯರ್ ಕೊಳ್ಳುವುದೆಂದು ಪಟ್ಟು ಹಿಡಿದಳು.

ರೆಕಾರ್ಡಿನ ಅಂಗಡಿ ಬೀಗ ರಿಪೇರಿಯವನ ಮಹಡಿಯ ಮೇಲಿತ್ತು. ಅಂಗಡಿಯವರಿಗೆ ಐವತ್ತರ ಆಸುಪಾಸು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಎಡಗಣ್ಣಿನ ಪವರ್ ತಪ್ಪಾಗಿದೆ ಎಂದು ಅಕ್ಕ ಮೆಟ್ಟಿಲಲ್ಲೇ ಕಂಡುಹಿಡಿದಳು, ಆದರೆ ಬಂದ ಕೆಲಸ ಮೊದಲು ಎಂದು ಸುಮ್ಮನಾದಳು. ಅವರು ಯಾವ ಥರದ ಸಂಗೀತ ಕೇಳ್ತೀರಿ ಎಂದು ವಿಚಾರಿಸಿದರು. ತನ್ನ ಹತ್ತಿರ ಇರುವುದು ಒಂದೇ ರೆಕಾರ್ಡು, ಅದರಲ್ಲಿ ಬೇಕಾದದ್ದು ಉಗುರಿನ ಹಾಡು ಎಂದು ಅಕ್ಕ ಹೇಳಿದಳು. ಮೂವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ, ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ.

ಮೊದಲು ತಂದದ್ದು ಸೂಟ್‌ಕೇಸಿನಂಥ ಪೆಟ್ಟಿಗೆ. ಮುಚ್ಚಳ ತೆಗೆದರೆ ಸ್ಪೀಕರು ಗೀಕರು ಎಲ್ಲ ಒಳಗೇ, ಬಣ್ಣ ಚೆಂದ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಅಕ್ಕ ತಂದಿದ್ದ ರೆಕಾರ್ಡು ಹಾಕಿ ಮುಳ್ಳು ಇಟ್ಟರು. ಹುಡುಗಿಯರು ಉಗುರಿನ ಗುಣಗಾನ ಮಾಡಿದರು. ಎರಡನೇ ಚರಣ ಮುಗಿಯಿತು. ಅಕ್ಕ ಪೆಟ್ಟಿಗೆಯ ಹತ್ತಿರ ಕಿವಿ ತಂದಳು. ಕೇಳಿಸಿದ್ದು 'ಟಪ್' ಎನ್ನುವ ಒಂದು ಸದ್ದು, ಅಷ್ಟೇ.

ಅಂಗಡಿಯವರು ಅದು ಧೂಳು, ಈಗಲೇ ತೆಗೀತೀನಿ ಎಂದು ಬ್ರಶ್ ಎತ್ತಿಕೊಂಡರು. ಅಕ್ಕ ಅವರ ಮಣಿಕಟ್ಟು ಹಿಡಿದುಬಿಟ್ಟಳು.

"ಅದನ್ನ ಒರೆಸಬೇಡಿ. ನಾನು ಬಂದಿರೋದೇ ಅದಕ್ಕೆ."

ಅಂಗಡಿಯವರು ಬ್ರಶ್ ಕೆಳಗಿಟ್ಟರು. ಒಳ್ಳೆಯ ಮನುಷ್ಯ, ಇದ್ದದ್ದನ್ನು ಇದ್ದಂತೆ ಹೇಳಿದರು. ಈ ಪೆಟ್ಟಿಗೆಯ ಮುಳ್ಳು ರೆಕಾರ್ಡನ್ನು ಜಾಸ್ತಿ ಒತ್ತುತ್ತದೆ, ಆ ಭಾರ ಕಡಿಮೆ ಮಾಡಲು ದಾರಿಯಿಲ್ಲ, ದಿನಾ ಹಾಕಿದರೆ ಗೆರೆಗಳು ಸವೆಯುತ್ತವೆ, ಅದರಲ್ಲೂ ಸಣ್ಣ ಸಣ್ಣ ಸದ್ದುಗಳು ಬೇಗ ಹಾಳಾಗುತ್ತವೆ ಎಂದರು. ಅಕ್ಕ ಕೂಡಲೇ ಪೆಟ್ಟಿಗೆ ಮುಚ್ಚಿಸಿದಳು.

ಎರಡನೆಯದರ ಬೆಲೆಯ ಚೀಟಿ ಓದಿ ಅವಳಿಗೆ ತನ್ನ ಕನ್ನಡಕದ ಮೇಲೇ ಅನುಮಾನ ಬಂತು. ಅದಕ್ಕೆ ಆಂಪ್ಲಿಫೈಯರ್ ಬೇರೆ ಕೊಳ್ಳಬೇಕಂತೆ. ಹೊಸದಾಗಿ ಕೇಳುವವರಿಗೆ ಇಷ್ಟೆಲ್ಲ ಬೇಡ ಎಂದು ಅಂಗಡಿಯವರೇ ಅದನ್ನು ಬದಿಗೆ ಸರಿಸಿದರು.

ಮೂರನೆಯದು ಷೋಕೇಸಿನಲ್ಲಿ ಕೂತು ಮುಚ್ಚಳ ಸೀಳು ಬಿಟ್ಟಿದ್ದರಿಂದ ಬೆಲೆ ಇಳಿದಿದ್ದ ಪ್ಲೇಯರ್. ಮುಳ್ಳು ಹೊತ್ತ ತೋಳಿನ ಬಾಲದಲ್ಲಿ ಒಂದು ತೂಕದ ಗುಂಡು, ಅದನ್ನು ತಿರುಗಿಸಿ ಮುಳ್ಳಿನ ಭಾರ ಹೆಚ್ಚುಕಡಿಮೆ ಮಾಡಬಹುದು. ಮುಳ್ಳು ಸವೆದರೆ ಬೇರೆ ಹಾಕಬಹುದು. ಆಂಪ್ಲಿಫೈಯರಿನ ಗೋಳಿಲ್ಲ, ಹಿಂದಿರುವ ಗುಂಡಿ ಒತ್ತಿ, ಮನೆಯಲ್ಲಿರುವ ಕಂಪ್ಯೂಟರಿನ ಸ್ಪೀಕರಿಗೇ ನೇರ ಜೋಡಿಸಬಹುದು. ಅಂಗಡಿಯವರು ಗುಂಡು ತಿರುಗಿಸುತ್ತಾ ಅಂಕಿ ಕಾಣದೆ ತಡಕಾಡಿದರು. ಅಕ್ಕ ಪಕ್ಕದಲ್ಲಿ ನಿಂತು ಅಂಕಿ ಓದಿ ಹೇಳಿದಳು, ಜೊತೆಗೆ ಎಡಗಣ್ಣಿನ ವಿಷಯವನ್ನೂ ಹೇಳಿದಳು.

ಆದರೆ ತನ್ನ ಕಿವಿಯನ್ನೇ ನಂಬಿ ಕೊಳ್ಳಲು ಅವಳಿಗೆ ಭಯ. ನಲವತ್ತು ವರ್ಷದಿಂದ ಆ ಸೀನಿಗಾಗಿ ಕಾದ ಕಿವಿ, ಬಾಗಿಲು ಕಿರುಗುಟ್ಟಿದರೂ ಸೀನು ಅಂದೀತು. ಹಾಗಾಗಿ ಅಂಗಡಿಯವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಎಡಗಿವಿ ಮುಚ್ಚಿಕೊಳ್ಳಲು ಹೇಳಿದಳು. ಅವರು ಯಾಕೆ ಏನು ಎನ್ನದೆ ಮುಚ್ಚಿಕೊಂಡರು. ಅವಳ ದನಿಯೇ ಹಾಗಿತ್ತು. ಮೊದಲು ಪೆಟ್ಟಿಗೆಯಲ್ಲಿ, ಆಮೇಲೆ ಇದರಲ್ಲಿ, ಅದೇ ಜಾಗ ಹಾಕಿಸಿ "ಇದಾ, ಅದಾ?" ಎಂದಳು. ಬಲಗಿವಿ ಮುಚ್ಚಿಸಿಯೂ ಪರೀಕ್ಷೆಯಾಯಿತು. ಅಂಗಡಿಯವರು ಮುಖ ಗಂಟಿಕ್ಕಿಕೊಂಡು ಯೋಚಿಸಿದರು.

"ಅದರಲ್ಲಿ ಟಪ್ ಅಂತ ಅಷ್ಟೇ. ಇದರಲ್ಲಿ ಯಾರೋ ಸೀನಿದ ಹಾಗಿದೆಯಮ್ಮ."

"ಯಾರೋ ಅಲ್ಲ," ಎಂದಳು ಅಕ್ಕ, "ನಾನು."

ಕಥೆ ಕೇಳಿದ ಅಂಗಡಿಯವರು ಮತ್ತೆ ಮೂರು ಸಲ ಆ ಜಾಗ ಹಾಕಿ ಕೇಳಿದರು. ಇಷ್ಟು ಕಾಲ ರೆಕಾರ್ಡಿನ ಬೇಡದ ಸದ್ದು ತೆಗೆಯಲು ಒದ್ದಾಡಿದವರು, ಈಗ ಆ ಸೀನಿನ ಮೊದಲು ಉಸಿರೆಳೆದುಕೊಳ್ಳುವುದು ಕೂಡ ಕೇಳುತ್ತದೆ ಎಂದು ತೋರಿಸಿಕೊಟ್ಟರು. ಪ್ಲೇಯರ್ ಕಟ್ಟಿಕೊಡುವಾಗ, ಮಟ್ಟಸವಾದ ಮೇಜಿನ ಮೇಲಿಡಿ, ಇಲ್ಲವಾದರೆ ಮುಳ್ಳು ಜಾರುತ್ತದೆ ಎಂದು ಎರಡೆರಡು ಸಲ ಹೇಳಿದರು.

ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಬಾಗಿಲಲ್ಲೇ ಸುದ್ದಿ ಹೇಳಿದರೆ ಯಜಮಾನರು ಹುಬ್ಬೇರಿಸಿದರು. ಸೀನು ಇದ್ದರೆ ಇರಬಹುದು, ಅದು ನಿನ್ನದೇ ಅಂತ ಹೇಗೆ ಹೇಳ್ತೀಯ, ಸೀನಿಗೆ ಸಹಿ ಇರುತ್ತಾ ಎಂದು ಕೇಳಿದರು. ಹನ್ನೆರಡು ಹುಡುಗಿಯರಿಗೆ ಹನ್ನೆರಡು ಮೂಗು ಎಂದು ಲೆಕ್ಕವನ್ನೂ ಕೊಟ್ಟರು. ಊಟ ಆದಮೇಲೆ ಕೂತು ಸಾವಧಾನವಾಗಿ ಕೇಳಿ ಹೇಳುತ್ತೇನೆ ಎಂದು ಕಾಫಿಗೆ ಹಾಲಿಡಲು ಅಡುಗೆಮನೆಗೆ ಹೋದರು. ಇಷ್ಟೆಲ್ಲ ಮಾಡಿಯೂ ತನ್ನ ಹತ್ತಿರ ಸಾಕ್ಷಿ ಇಲ್ಲವೆಂದು ಅಕ್ಕನಿಗೂ ಗೊತ್ತಾಗಿತ್ತು.

ಮನಸ್ಸಿಲ್ಲದ ಮನಸ್ಸಿನಿಂದ ಮೇಜು ಸರಿಪಡಿಸಿದಳು. ಅಲ್ಲಾಡುವ ಕಾಲಿನ ಕೆಳಗೆ ರಟ್ಟು ಮಡಚಿಟ್ಟಳು, ಸ್ಪೀಕರಿನ ವೈರು ಸಿಕ್ಕಿಸಿದಳು. ಮುಳ್ಳು ಜಾರುವುದೋ ಇಲ್ಲವೋ ನೋಡೋಣವೆಂದು ಸುಮ್ಮನೆ ಮೂರನೆಯ ಹಾಡಿಗೆ ಇಟ್ಟಳು. ದನಿ ಎಷ್ಟು ಬರುತ್ತದೋ ತಿಳಿಯದೆ ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದ್ದಳು. ಎರಡನೇ ಚರಣ ಮುಗಿಯಿತು. ಸೀನು ಮನೆ ತುಂಬಾ ಮೊಳಗಿತು.

ಅಡುಗೆಮನೆಯಿಂದ ಯಜಮಾನರು ಗದರಿದರು. "ಫ್ಯಾನಿನ ಕೆಳಗೆ ಕೂರಬೇಡ ಅಂತ ಎಷ್ಟು ಸಲ ಹೇಳಲಿ ನಿನಗೆ?"

ಅಕ್ಕನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ತಲೆಯೆತ್ತಿ ನೋಡಿದರೆ ಫ್ಯಾನು ಹಾಕಿಯೇ ಇರಲಿಲ್ಲ.

"ನಾನು ಸೀನಲಿಲ್ಲ ರೀ," ಎಂದಳು.

"ಸುಳ್ಳು ಯಾಕೆ ಹೇಳ್ತೀಯ? ಸಾವಿರ ಜನ ಸೀನಿದರೂ ನಿನ್ನ ಸೀನು ನನಗೆ ಗೊತ್ತಾಗಲ್ವಾ?"

ಗದರುತ್ತಲೇ ಯಜಮಾನರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ರೆಕಾರ್ಡು ತಿರುಗುತ್ತಿತ್ತು. ಕೊಳಲು ಮುಗಿದು ಹುಡುಗಿಯರು ಕಾಲಿನ ಉಗುರಿಗೆ ಬಂದಿದ್ದರು. ಯಜಮಾನರು ರೆಕಾರ್ಡು ನೋಡಿದರು, ಹೆಂಡತಿಯ ಮುಖ ನೋಡಿದರು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಧಾರಾಳವಾಗಿ ಇಳಿಯುತ್ತಿತ್ತು. ಅವರು ನಿಧಾನಕ್ಕೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಇನ್ನೊಂದು ಸಲ ಹಾಕು."

ಹಾಕಿದಳು. ಯಜಮಾನರು ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೇಳಿದರು. ಉಸಿರೆಳೆದುಕೊಂಡದ್ದೂ ಕೇಳಿಸಿತು, ಸೀನೂ ಕೇಳಿಸಿತು. ಕೊಳಲು ಮುಗಿಯುವ ತನಕ ಅವರು ಕಣ್ಣು ತೆರೆಯಲಿಲ್ಲ.

"ಆಗಲೂ ಇಷ್ಟು ಜೋರಾಗಿ ಸೀನ್ತಿದ್ದೆಯಾ ನೀನು?" ಎಂದರು ಮೆಲ್ಲಗೆ.

"ಇಲ್ಲ ರೀ," ಎಂದಳು ಅಕ್ಕ. "ಅವತ್ತು ಆದಷ್ಟೂ ತಡೆದುಕೊಂಡಿದ್ದೆ."