ಸೀಳಿದ ಸ್ಟೆತಾಸ್ಕೋಪು

ಹಳೆಯ ರಬ್ಬರಿಗೆ ಅದರದೇ ಒಂದು ವಾಸನೆ ಇರುತ್ತದೆ. ಅದಕ್ಕೆ ಒಂದಿಷ್ಟು ಪೆಟ್ರೋಲು, ಒಂದಿಷ್ಟು ಸ್ಪಿರಿಟ್ಟು, ಮೇಲೊಂದು ಚಿಟಿಕೆ ವಿಭೂತಿ ಸೇರಿದರೆ ನಮ್ಮ ಡಾಕ್ಟರ್ ಕಾಕಾ ಎದುರಿಗೆ ಬಂದು ನಿಂತಂತೆಯೇ. ಹೋದ ವಾರ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಸುಣ್ಣಬಣ್ಣಕ್ಕೆಂದು ಅಟ್ಟದ ಟ್ರಂಕು ಇಳಿಸಿ ಮುಚ್ಚಳ ಎತ್ತಿದಾಗ ಆ ವಾಸನೆ ಬಂತು. ಒಳಗೆ ಅವರ ಹೆಂಡತಿ ಕಾಕುವಿನ ಇಳಕಲ್ ಸೀರೆ, ಸೀರೆಯ ಮಡಿಕೆಯಲ್ಲಿ ಒಂದು ಸ್ಟೆತಾಸ್ಕೋಪು. ಕೆಟ್ಟದ್ದನ್ನು ಯಾಕೆ ಇಟ್ಟುಕೊಂಡಿದ್ದೀ ಎಂದು ಮಗಳು ಕೇಳಿದಳು. ಅದು ಕೆಟ್ಟದ್ದಲ್ಲ, ಬೇಕೆಂದೇ ಸೀಳಿದ್ದು. ಸಾಮಾನ್ಯ ಸ್ಟೆತಾಸ್ಕೋಪಿಗೆ ಎದೆಯ ಮೇಲಿಡುವ ಬಿಲ್ಲೆ ಒಂದೇ. ಅಲ್ಲಿಯ ಸದ್ದು ಎರಡೂ ಕಿವಿಗೆ ಹೋಗುತ್ತದೆ. ಕಾಕಾ ಅದನ್ನು ನಡುವೆ ಕತ್ತರಿಸಿ, ಒಂದೊಂದು ಕಿವಿಗೂ ಬೇರೆ ಬೇರೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿದ್ದರು. ಅದು ಅವರ ಕಾರಿನ ಎದೆ ನೋಡುವ ಸಾಧನ. ನಿಮ್ಮ ಮನೆಗಳಲ್ಲೂ ಇಂಥದ್ದೊಂದು ವಸ್ತು ಇದ್ದೀತು. ಕೆಲಸಕ್ಕೆ ಬಾರದು, ಎಸೆಯಲು ಕೈಯೂ ಬಾರದು.

ಹುನಗುಂದದ ನಮ್ಮ ಮನೆ ತುಂಬಿದ ಮನೆ. ಅಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಡಾಕ್ಟರ್ ಕಾಕಾ, ಅವರ ಹೆಂಡತಿ ಗಿರಿಜಾ ಕಾಕು, ನಾವೊಂದು ಹಿಂಡು ಮಕ್ಕಳು. ಮುಂದಿನ ಕೋಣೆಯೇ ಕಾಕಾನ ದವಾಖಾನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರು ಯಾರದೋ ಎದೆಯ ಮೇಲೆ ಬಿಲ್ಲೆ ಇಟ್ಟಿರುತ್ತಿದ್ದರು. ಅಂಗಳದ ಬೇವಿನ ಮರದ ಕೆಳಗೆ ಅವರ ಕಾರು. ಯಾವುದೋ ಸಂಸ್ಥಾನದವರು ಮಾರಿದ, ಇಂಗ್ಲೆಂಡಿನಲ್ಲಿ ಹುಟ್ಟಿದ, ಕಡುಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಮೇಲೆ ಮಡಚುವ ಬಟ್ಟೆಯ ಹೊದಿಕೆ, ಒಳಗೆ ಎರಡೇ ಸೀಟು. ಇಷ್ಟು ದೊಡ್ಡ ಸಂಸಾರದಲ್ಲಿ ಇಬ್ಬರೇ ಹಿಡಿಸುವ ಗಾಡಿ ತಂದವನಿಗೆ ಡಾಕ್ಟರಿಕೆ ಯಾರು ಕಲಿಸಿದರೋ ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಎರಡನೆಯ ಸೀಟು ಕಾಕುವಿನದು, ಅದರಲ್ಲಿ ತಕರಾರಿಲ್ಲ. ಭಾನುವಾರ ಮಧ್ಯಾಹ್ನ ದವಾಖಾನೆ ಮುಚ್ಚಿ ಇಬ್ಬರೂ ಹೊರಟರೆಂದರೆ ಅಮೀನಗಡ, ಕಮತಗಿ ದಾಟಿ, ಗುಳೇದಗುಡ್ಡದ ಏರು ಹತ್ತಿ, ಬಾದಾಮಿಯ ಆಚೆ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಕೈಮುಗಿದು ಬರುತ್ತಿದ್ದರು. ಹಿಂತಿರುಗುವಾಗ ನಮಗೆ ಅಮೀನಗಡದ ಕರದಂಟು. ಕಾಕುವಿನ ಕೂದಲು ಗಾಳಿಗೆ ಕೆದರಿ ಕೆಂಪು ಧೂಳಾಗಿರುತ್ತಿತ್ತು, ಮುಖ ಮಾತ್ರ ಹಬ್ಬದ ಮುಖ.

ಆ ಕಾರು ಬರಬರುತ್ತ ಸೊರಗತೊಡಗಿತು. ಗುಳೇದಗುಡ್ಡದ ಏರಿನಲ್ಲಿ ಏದುಸಿರು ಬಿಡುವುದು, ನಿಂತಲ್ಲಿ ಚಳಿಜ್ವರ ಬಂದವರಂತೆ ನಡುಗುವುದು, ಕೆಮ್ಮುವುದು. ಕಾಕಾ ರೋಗಿಯನ್ನು ನೋಡಿದಂತೆಯೇ ನೋಡಿದರು. ಮೊದಲು ಪ್ಲಗ್ಗು, ಆಮೇಲೆ ಪೆಟ್ರೋಲಿನ ದಾರಿ, ಆಮೇಲೆ ಕಿಡಿ ಹಾರಿಸುವ ಪಾಯಿಂಟು. ಎಲ್ಲವೂ ಸರಿಯೇ. ಉಳಿದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರು. ಆ ಇಂಜಿನ್ನಿಗೆ ಅವು ಮುಂದೊಂದು, ಹಿಂದೊಂದು. ಎರಡೂ ಸಮನಾಗಿ ಗಾಳಿ ಎಳೆಯಬೇಕು. ಜೋಡೆತ್ತಿನಲ್ಲಿ ಒಂದು ಎಳೆದು ಇನ್ನೊಂದು ಸುಮ್ಮನೆ ನಡೆದರೆ ಬಂಡಿ ಓಲಾಡುವುದಿಲ್ಲವೇ, ಹಾಗೆ ಎಂದು ನಮಗೆ ಬಿಡಿಸಿ ಹೇಳಿದ್ದರು. ಅದಕ್ಕಾಗಿಯೇ ಈ ಸ್ಟೆತಾಸ್ಕೋಪು. ಮುಂದಿನದರ ಬಾಯಿಗೆ ಎಡಗಿವಿಯ ಕೊಳವೆ, ಹಿಂದಿನದರ ಬಾಯಿಗೆ ಬಲಗಿವಿಯ ಕೊಳವೆ ಹಿಡಿದು, ಕಣ್ಣು ಮುಚ್ಚಿ, ಎರಡೂ ಕಡೆಯ ಸುಸ್ಸೆನ್ನುವ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಿದ್ದರು. ಈಗ ಬರೋಬರಿ ಆಯಿತು ಎಂದು ಏಳುತ್ತಿದ್ದರು. ಕಾರು ಮುಂದಿನ ವಾರ ಇನ್ನಷ್ಟು ಕೆಡುತ್ತಿತ್ತು. ಇಳಕಲ್ಲಿನ ಗ್ಯಾರೇಜಿನವನು ಇಂಜಿನ್ನನ್ನೇ ಬಿಚ್ಚಬೇಕು, ಆದರೆ ಸಾಮಾನು ಸಿಗುವುದಿಲ್ಲ ಎಂದು ಕೈಚೆಲ್ಲಿದ. ಕೊನೆಗೆ ಕಾಕಾ ಇದರ ಆಯುಷ್ಯವೇ ತೀರಿತು ಎಂದು ತೀರ್ಮಾನಿಸಿ, ಹಳೆಯ ಕಾರು ಕೂಡಿಹಾಕುವ ಹವ್ಯಾಸದ ಬೆಳಗಾವಿಯ ಒಬ್ಬರಿಗೆ ಮಾರುವುದಾಗಿ ಮಾತು ಕೊಟ್ಟುಬಿಟ್ಟರು.

ಮನೆಯಲ್ಲಿ ಇದರಿಂದ ಕಂಗೆಟ್ಟವಳು ಕಾಕು ಒಬ್ಬಳೇ. ಅತ್ತೆ ಕೂತಿರುವ ಮನೆಯಲ್ಲಿ ಸೊಸೆ ಗಂಡನೊಡನೆ ದನಿಯೆತ್ತಿ ಮಾತಾಡುವ ರೂಢಿ ಆಗ ಇರಲಿಲ್ಲ. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಪಿಸುಮಾತಿನಂತೆ ಏನೋ ಕೇಳುತ್ತಿದ್ದಳು. ಪಡಸಾಲೆಯ ಗೋಡೆಗೆ ಎಡಮಗ್ಗುಲು ಕೊಟ್ಟು ಆರಾಮ ಕುರ್ಚಿಯಲ್ಲಿ ಕೂತ ಕಾಕಾ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಇನ್ನೊಮ್ಮೆ ಕೇಳುತ್ತಿದ್ದಳು. ಆಮೇಲೆ ಒಳಗೆ ಹೋಗುತ್ತಿದ್ದಳು. ಮೊದಲು ಹೀಗಿರಲಿಲ್ಲವಂತೆ. ಅವರಿಗೆ ಮಕ್ಕಳಾಗಿರಲಿಲ್ಲ, ಅದೇ ಕಾರಣಕ್ಕೆ ತನ್ನ ಮೇಲೆ ಬೇಸರ ಬಂದಿದೆ ಎಂದು ಕಾಕು ಒಳಗೊಳಗೇ ನಂಬಿಕೊಂಡಿದ್ದಳು. ಕಾರಿನಲ್ಲಿ ಮಾತ್ರ ಅತ್ತೆಯಿಲ್ಲ, ಬಾಗಿಲಿಲ್ಲ. ಗಾಳಿಯ ಸದ್ದಿಗೆ ಬಾಯ್ಬಿಟ್ಟು ಮಾತಾಡುವಳು, ಪಕ್ಕದಲ್ಲಿ ಕಾಕಾ ಮಾತಿಗೆ ಮಾತು ಕೊಡುವರು, ನಗುವರು. ಒಂದು ದಿನ ಅವ್ವನ ಜೊತೆ ಜೋಳ ಹಸನು ಮಾಡುತ್ತ, ತಲೆ ತಗ್ಗಿಸಿಕೊಂಡೇ ಹೇಳಿದಳು:

"ಮನ್ಯಾಗ ನನ್ನ ಮಾತು ಅವರಿಗೆ ಬ್ಯಾಡಾಗ್ಯಾವ, ಅಕ್ಕಾ. ಗಾಡ್ಯಾಗ ಕುಂತಾಗ ಅಷ್ಟಽ ಗಂಡ-ಹೆಂಡತಿ ಆಗಿರ್ತೇವಿ. ಗಾಡಿ ಹೋತಂದ್ರ ಅದೂ ಹೋತು."

ಅವ್ವ ಗಂಡಸರು ಇರುವುದೇ ಹಾಗೆ ಎಂದು ಸಮಾಧಾನ ಹೇಳಿದಳು. ಆ ಕಾಲದಲ್ಲಿ ಎಲ್ಲ ನೋವಿಗೂ ಅದೊಂದೇ ಔಷಧಿ ಇತ್ತು.

ಬೆಳಗಾವಿಯವರು ಬರುವ ಭಾನುವಾರ ಬಂತು. ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಕಾಕಾ ಬೆಳಿಗ್ಗೆಯೇ ಕಾರು ತೊಳೆದು, ಒರೆಸಿ, ಕೊನೆಯ ಸಲ ಇಂಜಿನ್ ಚಾಲೂ ಮಾಡಿ ಕೊಳವೆ ಹಿಡಿದು ನಿಂತರು. ನಾವು ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದೆವು. ಚಹಾ ತಂದ ಕಾಕು, ಕಾರು ಹೋಗುವ ಮುಂಚೆ ಒಮ್ಮೆ ತಾನೂ ಕೇಳುತ್ತೇನೆ ಎಂದಳು. ಕಾಕಾ ತಮ್ಮ ಜಾಗ ಬಿಟ್ಟುಕೊಟ್ಟು, ಸ್ಟೆತಾಸ್ಕೋಪನ್ನು ಕಿವಿಗೆ ಇಟ್ಟುಕೊಳ್ಳಲು ಅವಳಿಗೆ ಕೊಟ್ಟು, ಕೊಳವೆಗಳ ತುದಿಯನ್ನು ತಾವೇ ಹಿಡಿದರು. ಅವಳು ಸ್ವಲ್ಪ ಹೊತ್ತು ಕೇಳಿ, ಹಿಂದಿನದು ಭೋರಿಡುತ್ತಿದೆ, ಮುಂದಿನದು ಕೇಳಿಸುವುದೇ ಇಲ್ಲ ಎಂದಳು. ಎರಡೂ ಸಮನಾಗಿವೆ, ನಿನಗೆ ಇದರ ರೂಢಿ ಇಲ್ಲ ಎಂದು ಕಾಕಾ ನಕ್ಕರು. ಹಾಗಾದರೆ ನೀವೇ ಕೇಳಿರಿ ಎಂದು ಕಾಕು ಅವರತ್ತ ತಿರುಗಿ, ತನ್ನ ಕಿವಿಯಿಂದ ತೆಗೆದದ್ದನ್ನು ಎದುರಿಗಿದ್ದ ಅವರ ಕಿವಿಗೆ ಹಾಗೆಯೇ ಇಟ್ಟುಬಿಟ್ಟಳು. ಎದುರುಬದುರು ನಿಂತವರ ಎಡ ಬಲ ಅದಲುಬದಲಾಗುತ್ತದಲ್ಲ, ಅವಳಿಗೆ ಅದರ ಅರಿವಿರಲಿಲ್ಲ. ಹಿಂದಿನ ಕೊಳವೆ ಈಗ ಕಾಕಾನ ಎಡಗಿವಿಗೆ ಬಂತು, ಭೋರಿಟ್ಟಿತು.

ಕಾಕಾನ ನಗು ನಿಂತಿತು. ಸ್ಟೆತಾಸ್ಕೋಪು ತೆಗೆದು, ತಿರುಗಿಸಿ ಹಾಕಿದರು. ಮತ್ತೆ ತಿರುಗಿಸಿದರು. ಬಾಗಿ ಇಂಜಿನ್ ಬಂದ್ ಮಾಡಿದರು. ಬೇವಿನ ಮರದ ಗುಬ್ಬಿಗಳ ಸದ್ದಷ್ಟೇ ಉಳಿಯಿತು. ಆಮೇಲೆ ಕೈಗಡಿಯಾರ ಬಿಚ್ಚಿ ಎಡಗಿವಿಗೆ ಹಿಡಿದರು, ಬಲಗಿವಿಗೆ ಹಿಡಿದರು. ಬಲಗಿವಿಗೆ ಬಹಳ ಹೊತ್ತು ಹಿಡಿದೇ ಇದ್ದರು. ಊರಿನ ಎದೆಗಳನ್ನೆಲ್ಲ ನೋಡಿದವರಿಗೆ ಇದು ತಿಳಿದಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು. ರೋಗಿಗಳ ಸದ್ದು ಎರಡೂ ಕಿವಿಗೆ ಬರುತ್ತಿದ್ದುದರಿಂದ ಒಂದು ಕಿವಿಯೇ ಎಲ್ಲ ನಿಭಾಯಿಸಿತ್ತು. ಇಲ್ಲಿ ಮಾತ್ರ, ಮಂದವಾದ ಬಲಗಿವಿಗೆ ಸಮನಾಗಿ ಕೇಳಲೆಂದು ವಾರವಾರವೂ ಹಿಂದಿನ ಕಾರ್ಬ್ಯುರೇಟರನ್ನು ಅತಿಯಾಗಿ ತೆರೆದು, ಒಳ್ಳೆಯ ಇಂಜಿನ್ನನ್ನು ತಾವೇ ಕೆಡಿಸಿದ್ದರು.

"ಇಂಜಿನ್ ಚಲೋ ಅದ, ಗಿರಿಜಾ," ಅಂದರು. "ನನ್ನ ಬಲಗಿವಿ ಹೋಗೇದ."

ಕಾಕು ತಿರುಗಿ ಪಡಸಾಲೆಯ ಕಡೆ ನೋಡಿದಳು. ಗೋಡೆಗೆ ಎಡಮಗ್ಗುಲು ಕೊಟ್ಟ ಕುರ್ಚಿ, ಅದರ ಬಲಕ್ಕೆ ಅಡುಗೆಮನೆಯ ಬಾಗಿಲು. ಆಮೇಲೆ ಕಾರಿನ ಸೀಟು ನೋಡಿದಳು. ಅಲ್ಲಿ ಅವಳ ಜಾಗ ಎಡಕ್ಕೆ. ಮಕ್ಕಳಿದ್ದಾರೆ, ಅತ್ತೆ ಕೇಳಿಸಿಕೊಳ್ಳುತ್ತಾಳೆ ಎಂಬುದನ್ನೆಲ್ಲ ಮರೆತು ಕೇಳಿದಳು:

"ಹಂಗಾರ ನೀವು ನನ್ನ ಮ್ಯಾಲೆ ಸಿಟ್ಟಾಗಿದ್ದಿಲ್ಲೇನ್ರಿ?"

"ಸಿಟ್ಟು ಯಾಕ?" ಕಾಕಾ ಅವಳನ್ನೇ ನೋಡಿದರು. "ಮನ್ಯಾಗ ನೀನಽ ಮಾತು ಬಿಟ್ಟಿ ಅಂತ ತಿಳಕೊಂಡಿದ್ದೆ ನಾ."

ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಾಕಾ ಗ್ರೀಸಿನ ಕೈಯನ್ನು ಎಲ್ಲಿ ಇಡಬೇಕೋ ತಿಳಿಯದೆ ನಿಂತಿದ್ದರು. ಅಜ್ಜಿ, ಯಾವುದಕ್ಕೂ ಸುಮ್ಮನಿರದ ನಮ್ಮ ಅಜ್ಜಿ, ಅವತ್ತು ನಮ್ಮನ್ನೆಲ್ಲ ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

ಆ ಬೆಳಿಗ್ಗೆ ಕಾಕು ಕೊಳವೆ ಹಿಡಿದು ಕೇಳಿದಳು, ಕಾಕಾ ಸ್ಕ್ರೂ ತಿರುಗಿಸಿದರು. ನಡುಕ ನಿಂತಿತು. ಬೆಳಗಾವಿಯವರು ಬಂದರು, ಮಾದಲಿಯ ಸಿಹಿಯೂಟ ಉಂಡರು, ಕ್ಷಮೆ ಕೇಳಿಸಿಕೊಂಡು ಬರಿಗೈಯಲ್ಲಿ ಹೋದರು. ಮಧ್ಯಾಹ್ನ ಕಾರು ಗುಳೇದಗುಡ್ಡದ ಏರನ್ನು ಉಸಿರು ಕಟ್ಟದೆ ಹತ್ತಿತಂತೆ. ಮರುದಿನ ಎದ್ದು ನೋಡಿದರೆ ಪಡಸಾಲೆಯ ಕುರ್ಚಿ ಆಚೆಗೋಡೆಗೆ ಹೋಗಿತ್ತು. ಅಡುಗೆಮನೆಯ ಬಾಗಿಲು ಈಗ ಅದರ ಎಡಕ್ಕೆ. ಬಿಸಿಲು ಬೀಳುವ ಜಾಗದಲ್ಲಿ ಯಾರಾದರೂ ಕುರ್ಚಿ ಹಾಕುತ್ತಾರೆಯೇ ಎಂದು ಬಂದವರೆಲ್ಲ ಕೇಳುತ್ತಿದ್ದರು.

ಈಗ ಅದೇನೂ ಇಲ್ಲ. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು, ರಸ್ತೆ ಅಗಲವಾಗುವಾಗ ಕಟ್ಟೆ ಹೋಯಿತು, ಬೇವಿನ ಮರ ಹೋಯಿತು. ಕಾರು ಕಡೆಗೆ ದನದ ಕೊಟ್ಟಿಗೆ ಸೇರಿ, ಅದರ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟು, ಒಂದು ದಿನ ಗುಜರಿಯವನ ಲಾರಿ ಏರಿತು. ಕಾಕಾನ ಎಡಗಿವಿಯೂ ನಿಧಾನಕ್ಕೆ ಮುಚ್ಚಿಕೊಂಡಿತು. ಏನೂ ಕೇಳದಿದ್ದರೂ ಕಾಕು ಸಂಜೆಯ ಹೊತ್ತು ಎಡಕ್ಕೇ ಕೂತು ಮಾತಾಡುತ್ತಿದ್ದಳು, ಅವರು ತಲೆದೂಗುತ್ತಿದ್ದರು.

ಕಾಕಾ ತೀರಿಕೊಂಡ ದಿನ ನಮ್ಮ ಪದ್ಧತಿಯಂತೆ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಎದುರಿಗೆ ಭಜನೆ. ಹೆಂಗಸರು ಕಾಕುವನ್ನು ಹಿಡಿದು ತಂದು, ಅವರ ಬಲಕ್ಕೆ ಜಾಗ ಬಿಡಿಸಿ, ಇಲ್ಲೇ ಕೂಡು ಎಂದರು. ಅವಳು ಕೂಡಲಿಲ್ಲ. ಕೈ ಬಿಡಿಸಿಕೊಂಡು, ಕೂತವರನ್ನೆಲ್ಲ ಮೆಲ್ಲಗೆ ಸರಿಸುತ್ತ ಸುತ್ತಿ ಬಂದು, ಎಡಕ್ಕೆ ಕೂತಳು. ಬಾಗಿ, ಅವರ ಕಿವಿಯ ಹತ್ತಿರ ಏನೋ ಹೇಳಿದಳು. ಭಜನೆಯ ಸದ್ದಿನಲ್ಲಿ ನಮಗೆ ಯಾರಿಗೂ ಅದು ಕೇಳಿಸಲಿಲ್ಲ.