ಮಾತ್ರೆ ಡಬ್ಬಿಯಲ್ಲಿ ಬೆಳ್ಳುಳ್ಳಿ

ಯಡಿಯೂರು ಕೆರೆಯ ಸುತ್ತ ಬೆಳಗ್ಗೆ ವಾಕಿಂಗ್ ಹೋಗುವಾಗ ಈಚೆಗೆ ನನ್ನ ಪಕ್ಕದಲ್ಲಿ ಯಾರೂ ನಡೆಯುತ್ತಿರಲಿಲ್ಲ. ನನ್ನ ವೇಗಕ್ಕೆ ಸಂದ ಗೌರವವೆಂದೇ ತಿಳಿದಿದ್ದೆ. ಕೊನೆಗೆ ಗೆಳೆಯ ಶಿವಣ್ಣ ಮೂಗಿಗೆ ಕರ್ಚೀಫು ಹಿಡಿದು, "ಗುರು, ಸ್ವಲ್ಪ ಆ ಕಡೆ ನಡಿ, ತಡ್ಕೊಳಕ್ಕೆ ಆಗ್ತಿಲ್ಲ" ಎಂದ. ಖಾಲಿ ಹೊಟ್ಟೆಯಲ್ಲಿ ಹಸಿ ಬೆಳ್ಳುಳ್ಳಿ ತಿಂದರೆ ಬಿ.ಪಿ. ಇಳಿಯುತ್ತದೆ ಎಂದು ನನಗೆ ಕಲಿಸಿದವನೂ ಇವನೇ.

ನನಗೇನೂ ಹೆಚ್ಚು ಕಲಿಸಬೇಕಿರಲಿಲ್ಲ ಅನ್ನಿ. ಇಲ್ಲಿ ನಮಗೆ ರಾಗಿ ಹೊಲವಿದ್ದ ಕಾಲದಿಂದಲೂ ನಮ್ಮಜ್ಜಿಯ ವೈದ್ಯವೆಲ್ಲ ಬೆಳ್ಳುಳ್ಳಿಯ ಗೊಂಚಲಿನಲ್ಲೇ ಇತ್ತು. ನೆಗಡಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಬಾಣಂತಿಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಹೊಟ್ಟೆಯುಬ್ಬರಕ್ಕೆ ಹಾಲಿನಲ್ಲಿ ಬೆಂದ ಬೆಳ್ಳುಳ್ಳಿ. ಸಂಸ್ಕೃತದಲ್ಲಿ ಇದಕ್ಕೆ ರಸೋನ ಎಂದು ಹೆಸರು. ಆರು ರಸಗಳಲ್ಲಿ ಹುಳಿಯೊಂದು ಬಿಟ್ಟು ಮಿಕ್ಕ ಐದೂ ಇದರಲ್ಲಿವೆಯಂತೆ. ರಾಹುವಿನ ಕತ್ತಿನಿಂದ ನೆಲಕ್ಕೆ ಬಿದ್ದ ಅಮೃತದ ಹನಿಯೇ ಬೆಳ್ಳುಳ್ಳಿಯಾಯಿತೆಂಬ ಕಥೆಯೂ ಉಂಟು. ಅಮೃತ ಅಡುಗೆಮನೆಯಲ್ಲೇ ಇರುವಾಗ ಮೆಡಿಕಲ್ ಶಾಪಿಗೆ ಹೋಗುವುದು ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ ಎಂದು ನನಗೆ ತೋರಿತು.

ತಪ್ಪು ಮಾಡಿದ್ದು ಇಲ್ಲೇ. ಡಾಕ್ಟರು ಬಿ.ಪಿ. ಮಾತ್ರೆಯನ್ನು ಜೀವನಪೂರ್ತಿ ನುಂಗಿ ಎಂದಿದ್ದರು. ವಾರದ ಏಳು ದಿನಕ್ಕೆ ಏಳು ಗೂಡುಗಳಿರುವ ಡಬ್ಬಿಯೊಂದನ್ನು ನನ್ನ ಹೆಂಡತಿ ಗಿರಿಜಾ ತಂದಿಟ್ಟಿದ್ದಳು. ನಾನು ಮಾತ್ರೆಗಳನ್ನು ಬೀರುವಿನಲ್ಲಿ ಅಂಗಿಗಳ ಹಿಂದೆ ಬಚ್ಚಿಟ್ಟು, ಗೂಡಿಗೊಂದರಂತೆ ಸುಲಿದ ಬೆಳ್ಳುಳ್ಳಿ ತುಂಬಿಸಿದೆ. ಶಿಸ್ತು ಶಿಸ್ತೇ ಅಲ್ಲವೆ?

ಮೂರನೆಯ ವಾರ ಕೆರೆಯ ಬಳಿ ನಡೆಯುತ್ತಿದ್ದಾಗ ನೀರೆಲ್ಲ ಒಂದು ಕಡೆಗೆ ವಾಲಿದಂತಾಯಿತು. ಕಲ್ಲುಬೆಂಚಿನ ಮೇಲೆ ಕುಸಿದೆ. ನಿಜವಾಗಿಯೂ ಹೆದರಿದೆ. ಶಿವಣ್ಣ ಮನೆಗೆ ಫೋನ್ ಮಾಡಿದ. ಗಿರಿಜಾ ಆಟೋ ಹಿಡಿದು ಬಂದು ನನ್ನನ್ನು ಜಯನಗರದ ಕ್ಲಿನಿಕ್ಕಿಗೆ ಕರೆದೊಯ್ದಳು.

ಡಾಕ್ಟರು ಎರಡೆರಡು ಸಲ ಬಿ.ಪಿ. ನೋಡಿ, "ಮಾತ್ರೆ ತಗೋತಿದೀರಾ ಅಂಕಲ್?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, "ಒಂದಿನಾನೂ ತಪ್ಸಿಲ್ಲ ಮೇಡಂ, ಬೇಕಾದ್ರೆ ನೋಡಿ" ಎಂದು ಬ್ಯಾಗಿನಿಂದ ಡಬ್ಬಿ ತೆಗೆದು ಹೆಮ್ಮೆಯಿಂದ ಮುಚ್ಚಳ ಎತ್ತಿದಳು. ಕೋಣೆಯೆಲ್ಲ ಘಮ್ಮೆಂದಿತು.

ಡಾಕ್ಟರು ನಗಲಿಲ್ಲ. "ಬೆಳ್ಳುಳ್ಳಿ ಒಳ್ಳೇದೇ ಅಂಕಲ್. ಅದನ್ನ ಸಾರಿಗೆ ಹಾಕಿ, ಮಾತ್ರೆ ಬಾಯಿಗೆ ಹಾಕಿ. ಹೀಗೇ ಬಿಟ್ಟಿದ್ರೆ ಸ್ಟ್ರೋಕ್ ಆಗ್ಬಹುದಿತ್ತು" ಎಂದರು.

ಮನೆಗೆ ಮರಳುವಾಗ ಆಟೋದಲ್ಲಿ ಗಿರಿಜಾ ಬೈಯಲಿಲ್ಲ, ಅತ್ತಳು. ಬೈದಿದ್ದರೆ ವಾಸಿಯಿತ್ತು. ಸಮಾಧಾನ ಮಾಡಲು ತೋಚದೆ, "ಇನ್ಮೇಲೆ ಹಸಿ ಬೆಳ್ಳುಳ್ಳಿ ಮುಟ್ಟಲ್ಲ ಬಿಡು. ಆ ವಾಸ್ನೆ ಇಷ್ಟು ದಿನ ಹೇಗೆ ಸಹಿಸ್ಕೊಂಡೆ?" ಎಂದೆ.

ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಮಾತ್ರೆ ಜೊತೆಗೆ ತಿಂತಿದೀರ ಅನ್ಕೊಂಡಿದ್ದೆ. ಒಳ್ಳೇದಾಗೋದಾದ್ರೆ ತಿನ್ಲಿ ಅಂತ ದಿನಾ ನಾನೂ ಒಂದೆಸಳು ತಿಂತಿದ್ದೆ. ಇಬ್ರೂ ತಿಂದ್ರೆ ವಾಸ್ನೆ ಗೊತ್ತಾಗಲ್ವಲ್ಲ."

ಸಾರಿನಲ್ಲಿ ಬೆಂದ ಬೆಳ್ಳುಳ್ಳಿ ಸಿಕ್ಕಿದರೂ ಮೂವತ್ತು ವರ್ಷದಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದವಳು ಇವಳು. ಈಗ ದಿನಾ ಬೆಳಗ್ಗೆ ಅವಳ ಎದುರಿಗೇ ನಿಂತು ಮಾತ್ರೆ ನುಂಗುತ್ತೇನೆ. ಅವಳು ಕೇಳದಿದ್ದರೂ ಬಾಯಿ ಆ ಎಂದು ತೆರೆದು ತೋರಿಸುತ್ತೇನೆ.