ಸುಣ್ಣ ಹಚ್ಚಿದ ಮಚ್ಚೆ

ಹರೆಯದಲ್ಲಿ ನನ್ನ ಮೇಲ್ತುಟಿಯ ಮೇಲೊಂದು ಕಡಲೆಕಾಳಿನಷ್ಟು ಮಚ್ಚೆಯಿತ್ತು. ಅದು ಹೋದ ಕಥೆಯನ್ನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ. ಹೆಂಡತಿಗೂ ಹೇಳಿಲ್ಲ.

ಹೆಣ್ಣಿನ ಕೆನ್ನೆಯ ಮಚ್ಚೆಯನ್ನು ಕನ್ನಡ, ಉರ್ದು ಎನ್ನದೆ ಎಲ್ಲ ಕವಿಗಳೂ ಹೊಗಳಿದ್ದಾರೆ. ಗಂಡಿನ ಮೂಗಿನ ಕೆಳಗಿನ ಮಚ್ಚೆಗೆ ಮಾತ್ರ ಯಾರೂ ಒಂದು ಸಾಲು ಖರ್ಚು ಮಾಡಿದಂತಿಲ್ಲ. ನಿಜಾಮರ ಆಡಳಿತ ಹೋಗಿ ಎರಡು ಮೂರು ವರ್ಷವಾಗಿತ್ತು. ನಾನು ಲಿಂಗಸುಗೂರಿನಲ್ಲಿ ಹೊಸ ಮಾಸ್ತರ. ಸಿಂಧನೂರಿನಿಂದ ಬೀಗರಾಗುವವರು ವರನನ್ನು ನೋಡಲು ಬರುವವರಿದ್ದರು.

ನಮ್ಮೂರು ಮಸ್ಕಿಯಲ್ಲಿ ಕ್ಷೌರದ ಬಸಣ್ಣ ಕುರು ಕೊಯ್ಯುತ್ತಿದ್ದ, ನರಹುಲಿ ತೆಗೆಯುತ್ತಿದ್ದ. ರಜೆಗೆ ಊರಿಗೆ ಬಂದಾಗ, ಮಚ್ಚೆ ತೆಗೆಯಲು ಅವನನ್ನೇ ಕೇಳಿದೆ.

“ನಂಜ ಏರತೈತ್ರಿ ಮಾಸ್ತರ. ಅದೂ ಮಾರಿ ಮ್ಯಾಲೆ. ನಾ ಮುಟ್ಟಂಗಿಲ್ಲ,” ಎಂದ.

ಓದಿದವನಿಗೆ ಓದದವನು ಬುದ್ಧಿ ಹೇಳಿದ್ದು ನನಗೆ ಹಿಡಿಸಲಿಲ್ಲ. ಮನೆಗೆ ಬಂದು, ಎಲೆಗೆ ಹಚ್ಚುವ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ, ಕನ್ನಡಿ ಮುಂದೆ ನಾನೇ ಹಚ್ಚಿಕೊಂಡೆ. ಮಚ್ಚೆ ಸುಟ್ಟು ಕರಿಕಾಯಿತು, ನಿಜ. ಮೂರನೆಯ ದಿನಕ್ಕೆ ತುಟಿಯೂ ಬದನೆಕಾಯಿಯಾಗಿತ್ತು.

“ಏನಾತೋ ಇದು?” ಎಂದು ಅವ್ವ ಗಾಬರಿಯಾದಳು.

ಸುಣ್ಣ ಎನ್ನಲು ನಾಚಿಕೆ. “ಬಸಣ್ಣನ ಕತ್ತಿ ತಾಗಿ ನಂಜಾಗೇತಿ,” ಎಂದುಬಿಟ್ಟೆ.

ಮಾತು ಸಂಜೆಯೊಳಗೆ ಓಣಿ ದಾಟಿತು. ಜನ ಗಡ್ಡ ಬಿಟ್ಟುಕೊಂಡು ಓಡಾಡಿದರೇ ಹೊರತು ಬಸಣ್ಣನ ಕಡೆ ಸುಳಿಯಲಿಲ್ಲ. ಅವನು ಬೇವಿನ ಕಟ್ಟೆಯ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ನಾನು ದಾರಿ ಬದಲಿಸಿಕೊಂಡು ಹೋಗುತ್ತಿದ್ದೆ. ತುಟಿ ಮಾಯ್ದು ಬಿಳಿ ಕಲೆ ಉಳಿಯಿತು. ಬೀಗರು ಕತ್ತಿಯ ಕಥೆ ಕೇಳಿ ಪಾಪ ಎಂದು ಮರುಗಿ ಒಪ್ಪಿಕೊಂಡರು.

ಮದುಮಗನ ಕ್ಷೌರ ಮಾಡುವುದು ಊರ ಕ್ಷೌರಿಕನ ಹಕ್ಕು. ಬೇರೆಯವನನ್ನು ಕರೆಸೋಣವೆಂದು ಸೋದರಮಾವ ಅಂದರೂ ಅವ್ವ ಪದ್ಧತಿ ಬಿಡಲಿಲ್ಲ. ಬಸಣ್ಣ ಬಂದ. ಹಿಂದೆಂದೂ ಇಲ್ಲದಂತೆ ಒಲೆಯ ಮೇಲೆ ನೀರಿಡಿಸಿ, ಎಲ್ಲರೆದುರು ಕತ್ತಿ ಕುದಿಸಿ ಎತ್ತಿ ತೋರಿಸಿದ. ಆಮೇಲೆ ನನ್ನ ಗದ್ದ ಹಿಡಿದು ಕಲೆಯನ್ನು ಬಹಳ ಹೊತ್ತು ನೋಡಿದ. ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹಚ್ಚತೊಡಗಿದ್ದ ಸಾಬೂನಿನ ನೊರೆ ಒಳಗೆ ಹೋಯಿತು.

“ಮಾತಾಡಬ್ಯಾಡ್ರಿ, ಕತ್ತಿ ತಾಕತೈತಿ,” ಎಂದ. ಮತ್ತೆ ನನಗಷ್ಟೇ ಕೇಳುವಂತೆ, “ಮೀಸಿ ಬಿಡ್ರಿ ಮಾಸ್ತರ. ಸುಣ್ಣದ ಕಲೆ ಯಾರಿಗೂ ಕಾಣಂಗಿಲ್ಲ.”

ಸುತ್ತ ಹತ್ತು ಜನ ನಿಂತಿದ್ದರು. ಅವನೂ ಜೋರಾಗಿ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಮೀಸೆ ನನಗೆ ಒಪ್ಪುತ್ತದೆಂದು ಎಲ್ಲರೂ ಹೇಳುತ್ತಾರೆ. ಕನ್ನಡಿಯ ಮುಂದೆ ಅದನ್ನು ತಿದ್ದುವಾಗ ನನಗೆ ಕಾಣುವುದು ಮಾತ್ರ, ಮಾಡದ ತಪ್ಪಿಗೆ ಕತ್ತಿ ಕುದಿಸುತ್ತಿರುವ ಬಸಣ್ಣ.